ಫೋನಿನ ಕಿರಿಕಿರಿ, ಮೈಯ ನೋವು: ಎರಡನ್ನೂ ಒಟ್ಟಿಗೆ ಸರಿಮಾಡುವ ಸಮಗ್ರ ಮಾರ್ಗದರ್ಶಿ

ಮೂರು ತಿಂಗಳು ನನ್ನ ಕತ್ತು ನೋಯುತ್ತಿತ್ತು. ದಿಂಬು ಬದಲಿಸಿದೆ. ಮುಲಾಮು ಹಚ್ಚಿದೆ. ಕೂರುವ ಕುರ್ಚಿಯನ್ನೂ ಬದಲಿಸಿದೆ. ಯಾವುದೂ ಉಪಯೋಗಕ್ಕೆ ಬರಲಿಲ್ಲ. ಕೊನೆಗೆ ನೋವು ಇಳಿದದ್ದು ಫೋನಿನಲ್ಲಿ ಅಕ್ಷರದ ಗಾತ್ರವನ್ನು ಎರಡು ಹಂತ ಹೆಚ್ಚಿಸಿದ ಮೇಲೆ. ಅಕ್ಷರ ಚಿಕ್ಕದಿತ್ತು, ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಹಾಗಾಗಿ ನನಗೇ ಗೊತ್ತಿಲ್ಲದಂತೆ ತಲೆಯನ್ನು ಫೋನಿನ ಕಡೆಗೆ ಬಗ್ಗಿಸಿಕೊಂಡೇ ಗಂಟೆಗಟ್ಟಲೆ ಕೂರುತ್ತಿದ್ದೆ.

ಆಗ ಒಂದು ವಿಷಯ ಹೊಳೆಯಿತು. ಫೋನಿನ ಕಿರಿಕಿರಿ ಬೇರೆ, ಮೈಯ ತೊಂದರೆ ಬೇರೆ ಎಂದು ನಾವು ಅಂದುಕೊಂಡಿರುತ್ತೇವೆ. ಬ್ಯಾಟರಿ ನಿಲ್ಲದಿದ್ದರೆ ರಿಪೇರಿಗೆ ಕೊಡುತ್ತೇವೆ, ಕಣ್ಣು ಉರಿದರೆ ಡಾಕ್ಟರ ಹತ್ತಿರ ಹೋಗುತ್ತೇವೆ. ಆದರೆ ಬಹಳ ಸಲ ಎರಡರ ಬೇರೂ ಒಂದೇ. ಸಿಗ್ನಲ್ ಸಿಗದ ಮೂಲೆಯಲ್ಲಿ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಅದೇ ಮೂಲೆಯಲ್ಲಿ ಫೋನಿನಿಂದ ಹೊರಡುವ ರೇಡಿಯೋ ಅಲೆಯೂ ಜಾಸ್ತಿ. ಹಗಲಿಡೀ ತಲೆ ತಿನ್ನುವ ನೋಟಿಫಿಕೇಶನ್ನೇ ರಾತ್ರಿ ನಿದ್ದೆಯನ್ನೂ ಕೆಡಿಸುತ್ತದೆ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಎರಡನ್ನೂ ಜೊತೆಗೇ ಇಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೆನುಗಳ ಹೆಸರು ಫೋನಿನಿಂದ ಫೋನಿಗೆ ಸ್ವಲ್ಪ ಬೇರೆಯಾಗಿರುತ್ತದೆ. ನಾನು ಹೇಳಿದ ಹೆಸರು ಅಲ್ಲೇ ಕಾಣದಿದ್ದರೆ ಸೆಟ್ಟಿಂಗ್ಸ್ ತೆರೆದು, ಹುಡುಕುವ ಪಟ್ಟಿಯಲ್ಲಿ ಆ ಪದವನ್ನು ಟೈಪ್ ಮಾಡಿ. ಒಂದೊಂದೇ ಮೆನು ತೆರೆದು ಹುಡುಕುವುದಕ್ಕಿಂತ ಇದು ಸುಲಭ.

ಹೆಜ್ಜೆ 1: ಮೂರು ದಿನ ಏನನ್ನೂ ಬದಲಿಸಬೇಡಿ, ಸುಮ್ನೆ ಗಮನಿಸಿ

ಕಷ್ಟ ಏನೆಂದು ಗೊತ್ತಾಗುವ ಮೊದಲೇ ಪರಿಹಾರ ಹುಡುಕಲು ಹೊರಡುವುದು ನಮ್ಮೆಲ್ಲರ ಅಭ್ಯಾಸ. ಯಾರೋ ಹೇಳಿದರೆಂದು ಬ್ಯಾಟರಿ ಉಳಿಸುವ ಆಪ್ ಹಾಕಿಕೊಳ್ಳುತ್ತೇವೆ, ಅದೇ ಬ್ಯಾಟರಿ ತಿನ್ನುತ್ತದೆ. ಅದರ ಬದಲು ಒಂದು ಚೀಟಿ ತೆಗೆದುಕೊಳ್ಳಿ. ಫೋನಿನಿಂದ ಕಿರಿಕಿರಿಯಾದಾಗ, ಅಥವಾ ಮೈಯಲ್ಲಿ ಎಲ್ಲಾದರೂ ನೋವಾದಾಗ, ಮೂರು ಸಂಗತಿ ಬರೆಯಿರಿ: ಸಮಯ ಎಷ್ಟು, ಆಗ ಯಾವ ಆಪ್ ತೆರೆದಿತ್ತು, ನೀವು ಹೇಗೆ ಕೂತಿದ್ದಿರಿ ಅಥವಾ ಮಲಗಿದ್ದಿರಿ.

ಮೂರನೆಯ ದಿನದ ಸಂಜೆ ಫೋನಿನಲ್ಲೇ ಇರುವ ಲೆಕ್ಕವನ್ನು ನೋಡಿ. ಆಂಡ್ರಾಯ್ಡ್‌ನಲ್ಲಿ ಇದು ಡಿಜಿಟಲ್ ವೆಲ್‌ಬೀಯಿಂಗ್ ಎಂಬಲ್ಲಿದೆ, ಐಫೋನ್‌ನಲ್ಲಿ ಸ್ಕ್ರೀನ್ ಟೈಮ್ ಎಂಬಲ್ಲಿದೆ. ಎರಡೂ 2018ರಲ್ಲಿ ಬಂದವು. ಒಟ್ಟು ಎಷ್ಟು ಗಂಟೆ ಬಳಸಿದಿರಿ ಎಂಬುದು ಅಷ್ಟು ಮುಖ್ಯವಲ್ಲ. ದಿನಕ್ಕೆ ಎಷ್ಟು ಸಲ ಫೋನ್ ಎತ್ತಿಕೊಂಡಿರಿ, ಯಾವ ಆಪ್ ಎಷ್ಟು ನೋಟಿಫಿಕೇಶನ್ ಕಳಿಸಿತು ಎಂಬುದನ್ನು ನೋಡಿ. ಆಮೇಲೆ ಬ್ಯಾಟರಿ ಮೆನುವಿನಲ್ಲಿ ಯಾವ ಆಪ್ ಎಷ್ಟು ಶೇಕಡಾ ತಿಂದಿದೆ ನೋಡಿ. ಈ ಅಂಕಿಗಳನ್ನೂ ಚೀಟಿಯಲ್ಲಿ ಬರೆದಿಡಿ.

ಚೀಟಿ ಓದಿದಾಗ ಸಾಮಾನ್ಯವಾಗಿ ಒಂದೆರಡು ಕಾರಣಗಳೇ ಮತ್ತೆ ಮತ್ತೆ ಕಾಣುತ್ತವೆ. ಅವಕ್ಕೆ ಸಂಬಂಧಿಸಿದ ಹೆಜ್ಜೆಯಿಂದಲೇ ಶುರುಮಾಡಿ. ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಗುಣವಾಯಿತು ಅಂತ ಗೊತ್ತೇ ಆಗುವುದಿಲ್ಲ.

ಹೆಜ್ಜೆ 2: ಅಕ್ಷರ ದೊಡ್ಡದು ಮಾಡಿ, ಕತ್ತು ತಾನಾಗಿ ನೆಟ್ಟಗಾಗುತ್ತದೆ

ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ತೆರೆಯಿರಿ, ಫಾಂಟ್ ಸೈಜ್ ಹುಡುಕಿ. ಈಗ ಫೋನನ್ನು ಎದೆಯ ಮಟ್ಟಕ್ಕಿಂತ ಮೇಲೆ, ಮುಖದಿಂದ ಸುಮಾರು 40 ಸೆಂಟಿಮೀಟರ್ ದೂರದಲ್ಲಿ ಹಿಡಿಯಿರಿ. ಆ ದೂರದಿಂದ ಕಣ್ಣು ಕಿರಿದು ಮಾಡದೆ ಓದಲು ಆಗುವವರೆಗೆ ಗಾತ್ರವನ್ನು ಹೆಚ್ಚಿಸುತ್ತಾ ಹೋಗಿ. ಪಕ್ಕದಲ್ಲೇ ಡಿಸ್‌ಪ್ಲೇ ಸೈಜ್ ಎಂಬುದೂ ಇರುತ್ತದೆ. ಅದನ್ನು ಒಂದು ಹಂತ ಏರಿಸಿದರೆ ಬಟನ್‌ಗಳೂ ದೊಡ್ಡದಾಗಿ, ತಪ್ಪು ಜಾಗ ಒತ್ತುವ ಕಿರಿಕಿರಿ ಕಡಿಮೆಯಾಗುತ್ತದೆ. ಮೊದಲ ಎರಡು ದಿನ ಪರದೆ ತುಂಬಿಹೋದಂತೆ ಅನಿಸುತ್ತದೆ. ಆಮೇಲೆ ಹಳೆಯ ಗಾತ್ರಕ್ಕೆ ಹೋಗಲು ನಿಮಗೇ ಮನಸ್ಸಾಗುವುದಿಲ್ಲ.

ಇದು ಕತ್ತಿಗೆ ಯಾಕೆ ಮುಖ್ಯ? ನಮ್ಮ ತಲೆಯ ತೂಕ ಸುಮಾರು 5 ಕಿಲೋ. ನೆಟ್ಟಗಿದ್ದಾಗ ಬೆನ್ನೆಲುಬು ಅದನ್ನು ಸುಲಭವಾಗಿ ಹೊರುತ್ತದೆ. ಅಮೆರಿಕದ ಬೆನ್ನೆಲುಬಿನ ಸರ್ಜನ್ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಕಂಪ್ಯೂಟರ್ ಮಾದರಿಯೊಂದರಲ್ಲಿ ಲೆಕ್ಕ ಹಾಕಿದರು. ತಲೆ 15 ಡಿಗ್ರಿ ಬಾಗಿದರೆ ಕತ್ತಿನ ಮೇಲೆ ಬೀಳುವ ಭಾರ 12 ಕಿಲೋ, 60 ಡಿಗ್ರಿ ಬಾಗಿದರೆ ಸುಮಾರು 27 ಕಿಲೋ. ಇದು ಲೆಕ್ಕ ಹಾಕಿ ತೆಗೆದ ಸಂಖ್ಯೆ, ಜನರ ಕತ್ತಿನ ಮೇಲೆ ಅಳೆದದ್ದಲ್ಲ. ಬಗ್ಗಿದ ಕೂಡಲೇ ಕತ್ತು ಕೆಟ್ಟುಹೋಗುತ್ತದೆ ಎಂದು ಹೆದರಬೇಕಿಲ್ಲ. ಬಗ್ಗಿದ್ದಕ್ಕಿಂತ ಬಗ್ಗಿದಂತೆಯೇ ಅಲುಗಾಡದೆ ಕೂತದ್ದೇ ಹೆಚ್ಚು ತೊಂದರೆ ಕೊಡುತ್ತದೆ ಎಂಬುದು ನನ್ನ ಅನುಭವ. ಹಾಗಾಗಿ ಭಂಗಿಯ ಬಗ್ಗೆ ತಲೆಕೆಡಿಸಿಕೊಳ್ಳುವುದಕ್ಕಿಂತ ಆಗಾಗ ಭಂಗಿ ಬದಲಿಸಿ. ಎರಡೂ ಮೊಣಕೈಗೆ ದಿಂಬಿನ ಆಸರೆ ಕೊಟ್ಟರೆ ಫೋನು ತಾನಾಗಿ ಮೇಲೆ ಬರುತ್ತದೆ, ಕೈಯೂ ಸೋಲುವುದಿಲ್ಲ.

ಕತ್ತಿನಿಂದ ನೋವು ತೋಳಿಗೆ ಇಳಿದರೆ, ಕೈಯಲ್ಲಿ ಜೋಮು ಹಿಡಿದರೆ, ಹಿಡಿದ ವಸ್ತು ಜಾರಿ ಬೀಳುತ್ತಿದ್ದರೆ ಅದು ಬರೀ ಫೋನಿನ ನೋವಲ್ಲದಿರಬಹುದು. ಡಾಕ್ಟರಿಗೆ ತೋರಿಸಿ.

ಇನ್ನು ಕಣ್ಣು. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಮಿಟುಕಿಸುತ್ತೇವೆ. ಪರದೆ ನೋಡುವಾಗ ಅದು ಅರ್ಧಕ್ಕೆ ಇಳಿಯಬಹುದು. ಕಣ್ಣೀರಿನ ತೆಳು ಪೊರೆ ಒಣಗುತ್ತದೆ, ಉರಿ ಶುರುವಾಗುತ್ತದೆ. ಅಂದರೆ ಕಣ್ಣುರಿಗೆ ದೊಡ್ಡ ಕಾರಣ ಪರದೆಯಿಂದ ಬರುವ ಯಾವುದೋ ಕೆಟ್ಟ ಬೆಳಕಲ್ಲ, ನಾವು ಮಿಟುಕಿಸದೇ ಇರುವುದು. ಫ್ಯಾನಿನ ಅಥವಾ ಏಸಿಯ ಗಾಳಿ ನೇರವಾಗಿ ಮುಖಕ್ಕೆ ಬಡಿಯುತ್ತಿದ್ದರೆ ಇದು ಇನ್ನೂ ಜಾಸ್ತಿ.

ಕಣ್ಣಿನ ಡಾಕ್ಟರುಗಳು ಹೇಳುವ 20-20-20 ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಪ್ರತಿ 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ಏನನ್ನಾದರೂ, 20 ಸೆಕೆಂಡು ನೋಡಬೇಕು. ಗಡಿಯಾರ ನೋಡಿಕೊಂಡು ಇದನ್ನು ಮಾಡುವುದು ಕಷ್ಟ. ಒಂದು ವಿಡಿಯೋ ಮುಗಿದ ಕೂಡಲೇ, ಒಂದು ಲೇಖನ ಓದಿದ ಕೂಡಲೇ ಕಿಟಕಿಯಾಚೆ ನೋಡಿ, ಹತ್ತು ಸಲ ಪೂರ್ತಿ ರೆಪ್ಪೆ ಮುಚ್ಚಿ ತೆರೆಯಿರಿ. ನಾನು ಹೀಗೇ ಅಭ್ಯಾಸ ಮಾಡಿಕೊಂಡದ್ದು.

ನೀಲಿ ಬೆಳಕು ತಡೆಯುವ ಕನ್ನಡಕ ಕೊಳ್ಳಬೇಕಾ? ಈ ಪ್ರಶ್ನೆ ತುಂಬ ಜನ ಕೇಳುತ್ತಾರೆ. ಬೇಡ ಎನ್ನುತ್ತೇನೆ. ಪರದೆಯ ನೀಲಿ ಬೆಳಕು ಕಣ್ಣಿಗೆ ಹಾನಿ ಮಾಡುತ್ತದೆ ಎಂಬುದಕ್ಕೆ ಆಧಾರವಿಲ್ಲ ಎಂದು ಅಮೆರಿಕದ ನೇತ್ರತಜ್ಞರ ಅಕಾಡೆಮಿ ಹೇಳಿದೆ, ಇಂಥ ಕನ್ನಡಕವನ್ನು ಅದು ಶಿಫಾರಸು ಮಾಡುವುದಿಲ್ಲ. 2023ರಲ್ಲಿ ವೈದ್ಯಕೀಯ ಸಂಶೋಧನೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗಲೂ ಮಾಮೂಲಿ ಕನ್ನಡಕಕ್ಕಿಂತ ಇದರಿಂದ ಕಣ್ಣಿನ ಆಯಾಸ ಕಡಿಮೆಯಾದದ್ದು ಕಂಡುಬರಲಿಲ್ಲ. ಆ ಹಣದಲ್ಲಿ ಒಮ್ಮೆ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗುವುದು ಸಹಜ. ಓದುವ ಕನ್ನಡಕ ಬೇಕಾದವರು ಫೋನನ್ನು ಬೈದುಕೊಂಡು ತಲೆನೋವು ಅನುಭವಿಸುವುದನ್ನು ನಾನು ಬಹಳ ನೋಡಿದ್ದೇನೆ.

ಡಾರ್ಕ್ ಮೋಡ್ ಎಲ್ಲರಿಗೂ ಒಗ್ಗುವುದಿಲ್ಲ. ಅಸ್ಟಿಗ್ಮ್ಯಾಟಿಸಂ (ಕಣ್ಣಿನ ಮೇಲ್ಮೈಯ ಆಕಾರ ಸಮವಾಗಿಲ್ಲದ ದೋಷ) ಇರುವ ಕೆಲವರಿಗೆ ಕಪ್ಪು ಹಿನ್ನೆಲೆಯ ಬಿಳಿ ಅಕ್ಷರ ಹರಡಿದಂತೆ ಕಾಣುತ್ತದೆ. ಹಾಗಾದರೆ ಲೈಟ್ ಮೋಡ್‌ನಲ್ಲೇ ಇರಿ, ಬ್ರೈಟ್‌ನೆಸ್ ಮಾತ್ರ ಕೋಣೆಯ ಬೆಳಕಿಗೆ ಹೊಂದುವಂತೆ ಇಟ್ಟುಕೊಳ್ಳಿ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಅನೇಕ ಓಲೆಡ್ (ಪ್ರತಿ ಚುಕ್ಕಿಯೂ ತಾನೇ ಬೆಳಗುವ) ಪರದೆಗಳು ಬೆಳಕು ಕಡಿಮೆ ಮಾಡಲು ಸೆಕೆಂಡಿಗೆ ನೂರಾರು ಸಲ ಆರಿ ಹತ್ತುತ್ತವೆ. ಕಣ್ಣಿಗೆ ಅದು ಕಾಣುವುದಿಲ್ಲ, ಆದರೆ ಕೆಲವರಿಗೆ ತಲೆನೋವು ತರುತ್ತದೆ. ಕತ್ತಲ ಕೋಣೆಯಲ್ಲಿ ಬ್ರೈಟ್‌ನೆಸ್ ತೀರಾ ಇಳಿಸಿ ನೋಡಿದಾಗಲೇ ನಿಮಗೆ ತಲೆ ನೋಯುತ್ತದೆ ಎಂದಾದರೆ ಒಂದು ವಾರ ಕೋಣೆಯ ದೀಪ ಹಾಕಿಕೊಂಡು, ಪರದೆಯ ಬ್ರೈಟ್‌ನೆಸ್ ಅರ್ಧಕ್ಕಿಂತ ಮೇಲಿಟ್ಟು ನೋಡಿ. ಕೆಲವು ಫೋನುಗಳಲ್ಲಿ ಈ ಮಿನುಗು ತಡೆಯಲು ಡಿಸಿ ಡಿಮ್ಮಿಂಗ್ ಅಥವಾ ಫ್ಲಿಕರ್ ರಿಡಕ್ಷನ್ ಎಂಬ ಆಯ್ಕೆಯೂ ಇರುತ್ತದೆ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ: ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆಯ ಪ್ರಕಾರ ಒಂದು ವರ್ಷದೊಳಗಿನ ಮಗುವಿಗೆ ಪರದೆ ಬೇಡವೇ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು. ಸ್ವಲ್ಪ ದೊಡ್ಡ ಮಕ್ಕಳಿಗೆ ಬಯಲಿನ ಬೆಳಕಿನಲ್ಲಿ ಆಡುವುದು ಸಮೀಪದೃಷ್ಟಿ ಬರುವುದನ್ನು ತಡೆಯಲು ನೆರವಾಗುತ್ತದೆ. ಫೋನ್ ಕಿತ್ತುಕೊಳ್ಳುವುದಕ್ಕಿಂತ ಹೊರಗೆ ಕರೆದುಕೊಂಡು ಹೋಗುವುದೇ ಸುಲಭ, ಅಲ್ವಾ?

ಹೆಜ್ಜೆ 3: ಮನುಷ್ಯರು ಕರೆದರೆ ಸದ್ದಾಗಲಿ, ಆಪ್‌ಗಳು ಕಾಯಲಿ

ನೋಟಿಫಿಕೇಶನ್‌ಗೆ ನಾನು ಇಟ್ಟುಕೊಂಡ ಅಳತೆಗೋಲು ಒಂದೇ. ಇದನ್ನು ಕಳಿಸಿದ್ದು ನನ್ನನ್ನು ಬಲ್ಲ ಮನುಷ್ಯರಾ, ಅಥವಾ ಒಂದು ಕಂಪನಿಯ ಯಂತ್ರವಾ? ಮನುಷ್ಯರಾದರೆ ಸದ್ದು ಇರಲಿ. ಯಂತ್ರವಾದರೆ ಸದ್ದು ಬೇಡ. ಬ್ಯಾಂಕಿನ ಹಣದ ಸಂದೇಶ ಮತ್ತು ಒಟಿಪಿ ಮಾತ್ರ ಇದಕ್ಕೆ ಹೊರತು.

ಮಾಡುವ ಕ್ರಮ ಹೀಗೆ. ಬೇಡದ ನೋಟಿಫಿಕೇಶನ್ ಬಂದಾಗ ಉಜ್ಜಿ ತೆಗೆಯಬೇಡಿ. ಆಂಡ್ರಾಯ್ಡ್‌ನಲ್ಲಿ ಅದರ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಐಫೋನ್‌ನಲ್ಲಿ ಎಡಕ್ಕೆ ಸರಿಸಿ ಆಪ್ಶನ್ಸ್ ಒತ್ತಿ. ಅಲ್ಲೇ ಸೈಲೆಂಟ್ ಮಾಡುವ, ಆಫ್ ಮಾಡುವ ಆಯ್ಕೆ ಸಿಗುತ್ತದೆ. ಆಂಡ್ರಾಯ್ಡ್‌ನಲ್ಲಿ ಒಂದೇ ಆಪ್‌ನ ನೋಟಿಫಿಕೇಶನ್‌ಗಳೂ ಬೇರೆ ಬೇರೆ ಗುಂಪುಗಳಲ್ಲಿರುತ್ತವೆ. ಸಾಮಾನು ತಲುಪಿಸುವ ಆಪ್‌ನಲ್ಲಿ ಆಫರ್ ಎಂಬ ಗುಂಪನ್ನು ಮಾತ್ರ ಆಫ್ ಮಾಡಿ, ಆರ್ಡರ್ ಎಂಬುದನ್ನು ಉಳಿಸಿಕೊಳ್ಳಬಹುದು. ಒಂದೇ ದಿನ ಕೂತು ಎಲ್ಲಾ ಆಪ್ ತಿದ್ದಲು ಹೋದರೆ ಬೇಸರ ಬರುತ್ತದೆ. ಬಂದ ಹಾಗೆ ಒಂದೊಂದನ್ನೇ ಮುಚ್ಚುತ್ತಾ ಹೋಗಿ. ಹತ್ತು ದಿನದಲ್ಲಿ ಫೋನು ಗುರುತು ಸಿಗದಷ್ಟು ಶಾಂತವಾಗುತ್ತದೆ. ಮೆಸೇಜ್ ಗುಂಪುಗಳನ್ನು ಮ್ಯೂಟ್ ಮಾಡಲು ಸಂಕೋಚ ಬೇಡ, ಮ್ಯೂಟ್ ಮಾಡಿದ್ದು ಗುಂಪಿನಲ್ಲಿ ಯಾರಿಗೂ ತಿಳಿಯುವುದಿಲ್ಲ.

ಎರಡು ಬಗೆಯ ಕಾಟ ಈ ದಾರಿಯಲ್ಲಿ ಹೋಗುವುದಿಲ್ಲ. ಮೊದಲನೆಯದು, ‘ನಿಮ್ಮ ಫೋನಿಗೆ ವೈರಸ್ ಬಂದಿದೆ’ ಎಂದು ಮತ್ತೆ ಮತ್ತೆ ಬರುವ ಎಚ್ಚರಿಕೆ. ಇದು ಬಹುಪಾಲು ವೈರಸ್ ಅಲ್ಲ. ಯಾವುದೋ ವೆಬ್‌ಸೈಟಿನಲ್ಲಿ ಅರಿವಿಲ್ಲದೆ ಅಲೋ ಒತ್ತಿರುತ್ತೀರಿ, ಅದು ಬ್ರೌಸರ್ ಮೂಲಕ ನೋಟಿಫಿಕೇಶನ್ ಕಳಿಸುತ್ತಿರುತ್ತದೆ. ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್ ತೆರೆದು, ಗುರುತಿಲ್ಲದ ಸೈಟುಗಳನ್ನೆಲ್ಲ ತೆಗೆದುಹಾಕಿ. ಎರಡನೆಯದು, ಏನೂ ತೆರೆಯದಿದ್ದರೂ ಪರದೆ ತುಂಬ ಹಾರಿ ಬರುವ ಜಾಹೀರಾತು. ಆಂಡ್ರಾಯ್ಡ್‌ನಲ್ಲಿ ‘ಡಿಸ್‌ಪ್ಲೇ ಓವರ್ ಅದರ್ ಆಪ್ಸ್’ ಎಂಬ ಅನುಮತಿ ಹುಡುಕಿ. ಟಾರ್ಚ್, ವಾಲ್‌ಪೇಪರ್, ಕ್ಲೀನರ್ ಥರದ ಆಪ್‌ಗೆ ಆ ಅನುಮತಿ ಇದ್ದರೆ ಕಳ್ಳ ಸಿಕ್ಕಿದಂತೆಯೇ. ಆ ಆಪ್ ಅನ್ನೇ ತೆಗೆದುಬಿಡಿ. ಅಲ್ಲೂ ಸಿಗದಿದ್ದರೆ ಫೋನನ್ನು ಸೇಫ್ ಮೋಡ್‌ನಲ್ಲಿ ಶುರುಮಾಡಿ. ಅಲ್ಲಿ ನೀವು ಹಾಕಿಕೊಂಡ ಆಪ್‌ಗಳು ಓಡುವುದಿಲ್ಲ. ಜಾಹೀರಾತು ನಿಂತರೆ ಇತ್ತೀಚೆಗೆ ಹಾಕಿದ ಆಪ್‌ಗಳನ್ನು ಒಂದೊಂದಾಗಿ ತೆಗೆಯುತ್ತಾ ಬನ್ನಿ.

ಫೋನು ಕಂಪಿಸದೇ ಇದ್ದರೂ ಜೇಬಿನಲ್ಲಿ ಕಂಪಿಸಿದಂತೆ ಅನಿಸುತ್ತದಾ? ಗಾಬರಿ ಬೇಡ, ಇದು ತುಂಬ ಜನರಿಗೆ ಆಗುತ್ತದೆ. ಯಾವಾಗ ಬೇಕಾದರೂ ಕರೆ ಬರಬಹುದು ಎಂದು ಕಾಯುತ್ತಿರುವ ಮನಸ್ಸು ಬಟ್ಟೆಯ ಉಜ್ಜಾಟವನ್ನೂ ಕಂಪನವೆಂದು ಓದಿಕೊಳ್ಳುತ್ತದೆ. ವೈಬ್ರೇಶನ್ ಆಫ್ ಮಾಡಿ, ಫೋನನ್ನು ಬೇರೆ ಜೇಬಿಗೆ ಹಾಕಿಕೊಂಡು ನೋಡಿ. ನನಗೆ ಇದರಿಂದ ಕಡಿಮೆಯಾಯಿತು.

ಹೆಜ್ಜೆ 4: ಬಿಸಿ, ಬ್ಯಾಟರಿ, ಸಿಗ್ನಲ್, ವಿಕಿರಣ

ಈ ನಾಲ್ಕನ್ನೂ ಒಟ್ಟಿಗೇ ನೋಡಬೇಕು. ಫೋನು ದೂರದ ಟವರನ್ನು ತಲುಪಲು ಕಷ್ಟಪಡುವಾಗ ರೇಡಿಯೋ ಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಅದರಿಂದ ಬ್ಯಾಟರಿ ಇಳಿಯುತ್ತದೆ, ಫೋನು ಬಿಸಿಯಾಗುತ್ತದೆ, ನಿಮ್ಮ ಕಿವಿಯ ಪಕ್ಕ ಹೊರಡುವ ಅಲೆಯೂ ಹೆಚ್ಚಾಗುತ್ತದೆ. ಹಾಗಾಗಿ ಸಿಗ್ನಲ್ ಒಂದು ಕಡ್ಡಿ ಮಾತ್ರ ಇರುವ ಜಾಗದಲ್ಲಿ ಉದ್ದದ ಮಾತು ಬೇಡ. ಕಿಟಕಿಯ ಹತ್ತಿರ ಹೋಗಿ, ಅಥವಾ ವೈಫೈ ಕಾಲಿಂಗ್ (ಟವರಿನ ಬದಲು ವೈಫೈ ಮೂಲಕ ಕರೆ) ಆನ್ ಮಾಡಿ. ಸಿಗ್ನಲ್ ಸಿಗದೇ ಇರುವ ನೆಲಮಾಳಿಗೆಯಂಥ ಕಡೆ ತುಂಬ ಹೊತ್ತು ಇರಬೇಕಾದರೆ ಏರೋಪ್ಲೇನ್ ಮೋಡ್ ಹಾಕಿಬಿಡಿ.

ವಿಕಿರಣದ ಭಯದ ಬಗ್ಗೆ ನೇರವಾಗಿ ಹೇಳುತ್ತೇನೆ. ಫೋನಿನ ಅಲೆ ಎಕ್ಸ್‌ರೇ ಥರದ್ದಲ್ಲ. ಜೀವಕೋಶದ ಡಿಎನ್‌ಎಯನ್ನು ಒಡೆಯುವಷ್ಟು ಶಕ್ತಿ ಅದಕ್ಕಿಲ್ಲ. 2011ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಅಲೆಗಳನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿತು. ಆ ಸುದ್ದಿಯೇ ಇಂದಿಗೂ ಓಡಾಡುತ್ತಿದೆ. ಅದೇ ಗುಂಪಿನಲ್ಲಿ ಲೋಳೆಸರದ ಇಡೀ ಎಲೆಯ ಸಾರವೂ ಇದೆ. ಆಧಾರ ಸಾಲದು, ಇನ್ನೂ ನೋಡಬೇಕು ಎಂಬುದು ಆ ಗುಂಪಿನ ಅರ್ಥ. ಆಮೇಲೆ ನೋಡಿದರು ಕೂಡ. ವಿಶ್ವ ಆರೋಗ್ಯ ಸಂಸ್ಥೆಯೇ ಮಾಡಿಸಿದ, 2024ರಲ್ಲಿ ಪ್ರಕಟವಾದ ಪರಿಶೀಲನೆ 1994ರಿಂದ 2022ರವರೆಗಿನ 63 ಅಧ್ಯಯನಗಳನ್ನು ಜಾಲಾಡಿತು. ಫೋನ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. ಹತ್ತು ವರ್ಷಕ್ಕಿಂತ ಹೆಚ್ಚು ಬಳಸಿದವರಲ್ಲೂ ಕಾಣಲಿಲ್ಲ.

ಆದರೂ ಮನಸ್ಸಿಗೆ ಸಮಾಧಾನವಿಲ್ಲದಿದ್ದರೆ ಸ್ಪೀಕರ್ ಅಥವಾ ಇಯರ್‌ಫೋನ್‌ನಲ್ಲಿ ಮಾತಾಡಿ. ದೂರ ಸ್ವಲ್ಪ ಹೆಚ್ಚಾದರೂ ಅಲೆಯ ಬಲ ತುಂಬ ಇಳಿಯುತ್ತದೆ. ಫೋನಿನ ಹಿಂದೆ ಅಂಟಿಸುವ ‘ವಿಕಿರಣ ತಡೆಯುವ ಸ್ಟಿಕ್ಕರ್’ ಮಾತ್ರ ಕೊಳ್ಳಬೇಡಿ. ಅದು ನಿಜಕ್ಕೂ ಅಲೆಯನ್ನು ತಡೆದರೆ ಫೋನು ಟವರ್ ತಲುಪಲು ಇನ್ನಷ್ಟು ಬಲ ಹಾಕುತ್ತದೆ. ತಡೆಯದಿದ್ದರೆ ಹಣ ದಂಡ. ಕೆಲವರು *#07# ಒತ್ತಿ ಸಾರ್ (ಮೈ ಹೀರಿಕೊಳ್ಳುವ ಅಲೆಯ ಅಳತೆ) ಅಂಕಿ ನೋಡುತ್ತಾರೆ. ಭಾರತ ಮತ್ತು ಅಮೆರಿಕದಲ್ಲಿ ಅದರ ಮಿತಿ ಕಿಲೋಗ್ರಾಂಗೆ 1.6 ವ್ಯಾಟ್. ಆ ಅಂಕಿ ಫೋನು ಪೂರ್ತಿ ಬಲದಲ್ಲಿ ಕೆಲಸ ಮಾಡುವಾಗಿನ ಗರಿಷ್ಠ. ದಿನದ ಬಳಕೆಯಲ್ಲಿ ಅಷ್ಟು ಬರುವುದು ಅಪರೂಪ.

ಇಲ್ಲಿ ನಿಜವಾಗಿ ಎಚ್ಚರ ಬೇಕಾದವರು ಎದೆಯಲ್ಲಿ ಪೇಸ್‌ಮೇಕರ್ ಇರುವವರು. ಫೋನಿನಲ್ಲಿ, ಅದರಲ್ಲೂ ಹಿಂಬದಿಗೆ ಚಾರ್ಜರ್ ಅಂಟಿಸುವ ಮಾದರಿಗಳಲ್ಲಿ, ಅಯಸ್ಕಾಂತ ಇರುತ್ತದೆ. ಫೋನನ್ನು ಪೇಸ್‌ಮೇಕರಿನಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇಡಿ, ವೈರ್‌ಲೆಸ್ ಚಾರ್ಜ್ ಆಗುತ್ತಿದ್ದರೆ 30 ಸೆಂಟಿಮೀಟರ್. ಅಂಗಿಯ ಎದೆ ಜೇಬು ಬೇಡವೇ ಬೇಡ.

ಬ್ಯಾಟರಿಗೆ ಬರೋಣ. ಲಿಥಿಯಂ ಬ್ಯಾಟರಿಯನ್ನು ಸವೆಸುವುದು ಎರಡು: ಬಿಸಿ, ಮತ್ತು ಪೂರ್ತಿ ತುಂಬಿದ ಸ್ಥಿತಿಯಲ್ಲಿ ತುಂಬ ಹೊತ್ತು ಇರುವುದು. ಎರಡೂ ಸೇರಿದರೆ ಸವೆತ ಇನ್ನೂ ಜಾಸ್ತಿ. ಹಾಗಾಗಿ ಈ ಮೂರನ್ನು ಮಾಡಿ.

ಚಾರ್ಜ್ ಮಾಡುವಾಗ ಫೋನನ್ನು ಹಾಸಿಗೆ, ದಿಂಬಿನ ಮೇಲೆ ಇಡಬೇಡಿ. ಗಟ್ಟಿ ಮೇಜಿನ ಮೇಲಿಡಿ, ದಪ್ಪ ಕವರ್ ಇದ್ದರೆ ತೆಗೆಯಿರಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ.

ಬ್ಯಾಟರಿ ಮೆನುವಿನಲ್ಲಿ ಶೇಕಡಾ 80ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಇದ್ದರೆ ಆನ್ ಮಾಡಿ. ಐಫೋನ್ 15ರಿಂದ ಈಚಿನವುಗಳಲ್ಲಿ ಇದೆ, ಅನೇಕ ಆಂಡ್ರಾಯ್ಡ್ ಫೋನುಗಳಲ್ಲೂ ಇದೆ. ದಿನವಿಡೀ ಹೊರಗೆ ಹೋಗಬೇಕಾದ ದಿನ 100 ಮಾಡಿಕೊಂಡರೆ ಏನೂ ತಪ್ಪಿಲ್ಲ. ಪೂರ್ತಿ ಖಾಲಿ ಮಾಡಿ ಮತ್ತೆ ತುಂಬಿಸಬೇಕು ಎಂಬುದು ಹಳೆಯ ನಿಕಲ್ ಬ್ಯಾಟರಿಗಳ ಕಾಲದ ಮಾತು, ಈಗ ಬೇಕಿಲ್ಲ.

ತೆರೆದ ಆಪ್‌ಗಳನ್ನೆಲ್ಲ ಉಜ್ಜಿ ಉಜ್ಜಿ ಮುಚ್ಚುವುದನ್ನು ಬಿಡಿ. ಅದರಿಂದ ಬ್ಯಾಟರಿ ಉಳಿಯುವುದಿಲ್ಲ. ಮತ್ತೆ ತೆರೆದಾಗ ಮೊದಲಿನಿಂದ ಶುರುವಾಗಬೇಕಾದ್ದರಿಂದ ಹೆಚ್ಚೇ ಖರ್ಚಾಗುತ್ತದೆ. ಬ್ಯಾಟರಿ ಪಟ್ಟಿಯಲ್ಲಿ ಮೇಲಿರುವ ಒಂದೆರಡು ಆಪ್‌ಗಳಿಗೆ ಮಾತ್ರ ಹಿನ್ನೆಲೆಯಲ್ಲಿ ಓಡುವ ಅನುಮತಿ ತೆಗೆಯಿರಿ.

ಫೋನಿನ ಹಿಂಬದಿ ಉಬ್ಬಿದಂತೆ ಕಂಡರೆ, ಪರದೆ ಅಂಚಿನಿಂದ ಮೇಲೆದ್ದಿದ್ದರೆ, ಅದು ಬ್ಯಾಟರಿ ಊದಿಕೊಂಡಿರುವ ಲಕ್ಷಣ. ಅಂದೇ ಬಳಸುವುದನ್ನು ನಿಲ್ಲಿಸಿ. ಚಾರ್ಜ್ ಹಾಕಬೇಡಿ, ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚಬೇಡಿ. ಬೆಂಕಿ ಹತ್ತುವ ಅಪಾಯವಿದೆ. ಸುಡುವ ವಸ್ತುಗಳಿಂದ ದೂರವಿಟ್ಟು ತಿಳಿದವರ ಕೈಯಲ್ಲಿ ಬದಲಿಸಿಕೊಳ್ಳಿ.

ಹೆಜ್ಜೆ 5: ಹ್ಯಾಂಗ್ ಆಗುವ ಫೋನು, ತುಂಬಿಹೋದ ಸ್ಟೋರೇಜ್

ಇದನ್ನು ಬೇಗ ಮುಗಿಸುತ್ತೇನೆ. ಫೋನು ನಿಧಾನವಾದರೆ ಮೊದಲು ರೀಸ್ಟಾರ್ಟ್ ಮಾಡಿ. ಪರದೆ ಪೂರ್ತಿ ಗಟ್ಟಿಯಾಗಿ ನಿಂತರೆ, ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಮತ್ತು ವಾಲ್ಯೂಮ್ ಇಳಿಸುವ ಬಟನ್ ಎರಡನ್ನೂ 10ರಿಂದ 20 ಸೆಕೆಂಡು ಒತ್ತಿ ಹಿಡಿಯಿರಿ. ಈಚಿನ ಐಫೋನ್‌ಗಳಲ್ಲಿ ವಾಲ್ಯೂಮ್ ಏರಿಸುವುದನ್ನು ಒತ್ತಿ ಬಿಡಿ, ಇಳಿಸುವುದನ್ನು ಒತ್ತಿ ಬಿಡಿ, ಆಮೇಲೆ ಪಕ್ಕದ ಬಟನ್ ಅನ್ನು ಆಪಲ್ ಗುರುತು ಬರುವವರೆಗೆ ಒತ್ತಿ ಹಿಡಿಯಿರಿ. ಮಾಹಿತಿ ಅಳಿಸಿಹೋಗುವುದಿಲ್ಲ.

ಮತ್ತೆ ಮತ್ತೆ ಹೀಗಾದರೆ ಸ್ಟೋರೇಜ್ ನೋಡಿ. ಹತ್ತರಲ್ಲಿ ಒಂದು ಪಾಲಾದರೂ ಖಾಲಿ ಇಟ್ಟುಕೊಳ್ಳಿ. ಫೋಟೋ ಅಳಿಸಲು ಕೂರುವ ಮೊದಲು ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂಡ್ ಡೇಟಾ, ಅದರೊಳಗೆ ಮ್ಯಾನೇಜ್ ಸ್ಟೋರೇಜ್ ತೆರೆಯಿರಿ. 5 ಎಂಬಿಗಿಂತ ದೊಡ್ಡ ಫೈಲುಗಳು, ಬಹಳ ಸಲ ಫಾರ್ವರ್ಡ್ ಆದವು ಎಂದು ಅದೇ ವಿಂಗಡಿಸಿ ತೋರಿಸುತ್ತದೆ. ಅಳಿಸಿದ ಮೇಲೂ ಜಾಗ ಸಿಗದಿದ್ದರೆ ಫೋಟೋ ಆಪ್‌ನ ಕಸದ ಬುಟ್ಟಿಯನ್ನು ಖಾಲಿ ಮಾಡಿ. ಐಫೋನ್‌ನಲ್ಲಿ ಅಳಿಸಿದ ಫೋಟೋ 30 ದಿನ, ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದದ್ದು 60 ದಿನ ಅಲ್ಲೇ ಕೂತಿರುತ್ತದೆ.

ಹೆಜ್ಜೆ 6: ರಿಪೇರಿಗೆ ಕೊಡುವ ಮೊದಲು ತೂತುಗಳನ್ನು ನೋಡಿ

ಚಾರ್ಜರ್ ಪಿನ್ ಸಡಿಲವಾಗಿದೆ ಎಂದು ನಾನು ಒಮ್ಮೆ ರಿಪೇರಿಗೆ ಕೊಟ್ಟೆ. ಪೋರ್ಟ್ ಬದಲಿಸಬೇಕು ಎಂದರು. ಮನೆಗೆ ತಂದು ಟಾರ್ಚ್ ಹಾಕಿ ನೋಡಿದರೆ ಒಳಗೆ ಜೇಬಿನ ನೂಲಿನ ಜುಂಗು ಗಟ್ಟಿಯಾಗಿ ಕೂತಿತ್ತು. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಬದಿಗಳನ್ನು ಮೆಲ್ಲಗೆ ಕೆದಕಿದೆ. ಮತ್ತೆ ಕಟಕ್ಕನೆ ಕೂತಿತು. ಪಿನ್ನು, ಸೂಜಿ ಮಾತ್ರ ಹಾಕಬೇಡಿ. ಲೋಹ ತಾಗಿ ಶಾರ್ಟ್ ಆಗಬಹುದು.

ನಿಮ್ಮ ಮಾತು ಆ ಕಡೆಯವರಿಗೆ ಕೇಳುತ್ತಿಲ್ಲವಾದರೆ ವಾಯ್ಸ್ ರೆಕಾರ್ಡರ್‌ನಲ್ಲಿ ಮಾತಾಡಿ ಕೇಳಿ. ಅಲ್ಲೂ ಸಣ್ಣಗೆ ಕೇಳಿದರೆ ಕೆಳಗಿನ ಮೈಕ್ ತೂತು ಮುಚ್ಚಿರಬಹುದು, ಒಣ ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ಕರೆಯ ಮಧ್ಯೆ ಕೆನ್ನೆ ತಾಗಿ ಮ್ಯೂಟ್ ಆಗುತ್ತಿದ್ದರೆ ಪರದೆಯ ಮೇಲಂಚಿನ ಸೆನ್ಸರ್ ಒರೆಸಿ. ಹೊಸದಾಗಿ ಅಂಟಿಸಿದ ಗಾಜು ಅದನ್ನು ಮುಚ್ಚಿದೆಯಾ ನೋಡಿ. ಚಾರ್ಜ್ ಹಾಕಿದಾಗ ಮಾತ್ರ ಪರದೆ ತಾನಾಗಿ ಒತ್ತಿಕೊಂಡರೆ ಸಂಶಯ ಚಾರ್ಜರಿನ ಮೇಲಿರಲಿ.

ನೀರಿಗೆ ಬಿದ್ದರೆ ಅಕ್ಕಿ ಡಬ್ಬಕ್ಕೆ ಹಾಕುವುದು ಬೇಡ. ಅಕ್ಕಿಯ ಪುಡಿ ಒಳಗೆ ಸೇರಿ ಕೆಡಿಸಬಹುದು ಎಂದು ಆಪಲ್ ಕಂಪನಿಯೇ ಎಚ್ಚರಿಸಿದೆ. ಆಫ್ ಮಾಡಿ. ಪೋರ್ಟ್ ಕೆಳಮುಖವಾಗಿ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ. ಗಾಳಿ ಆಡುವ ಒಣ ಜಾಗದಲ್ಲಿ ನಿಲ್ಲಿಸಿಡಿ. ಹೇರ್ ಡ್ರೈಯರ್ ಬೇಡ. ಪೂರ್ತಿ ಒಣಗಲು ಒಂದು ದಿನ ಬೇಕಾಗಬಹುದು, ಅಲ್ಲಿಯವರೆಗೆ ಚಾರ್ಜರ್ ಚುಚ್ಚಬೇಡಿ. ಐಪಿ68 (ನೀರು, ಧೂಳು ತಡೆಯುವ ಮಟ್ಟದ ಗುರುತು) ಎಂದು ಬರೆದಿದ್ದರೂ ಅದನ್ನು ಪರೀಕ್ಷಿಸಿದ್ದು ಸಿಹಿನೀರಿನಲ್ಲಿ, ಹೊಸ ಫೋನಿನ ಮೇಲೆ. ಸೋಪು ನೀರು, ಸಮುದ್ರದ ನೀರು ಬೇರೆ. ಫೋನು ಹಳೆಯದಾದಂತೆ ಆ ರಕ್ಷಣೆಯೂ ಕುಗ್ಗುತ್ತದೆ.

ಹೆಜ್ಜೆ 7: ಹೆಬ್ಬೆರಳು, ಮೊಣಕೈ, ಕಿವಿ

ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಮುಷ್ಟಿ ಕಟ್ಟಿ. ಈಗ ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಮೆಲ್ಲಗೆ ಬಾಗಿಸಿ. ಹೆಬ್ಬೆರಳಿನ ಬದಿಯ ಮಣಿಕಟ್ಟಿನಲ್ಲಿ ಚುಳ್ ಎಂದು ತೀವ್ರ ನೋವಾದರೆ ಅಲ್ಲಿನ ಸ್ನಾಯುರಜ್ಜುವಿನ ಹೊದಿಕೆ ದಪ್ಪವಾಗಿ ಬಿಗಿದಿರಬಹುದು. ಸ್ವಿಸ್ ಸರ್ಜನ್ ಫ್ರಿಟ್ಜ್ ಡಿ ಕೆರ್ವೇನ್ 1895ರಲ್ಲೇ ಇದನ್ನು ವಿವರಿಸಿದ್ದರು. ಫೋನು ಇದನ್ನು ಹುಟ್ಟಿಸಲಿಲ್ಲ, ಆದರೆ ಒಂದೇ ಕೈಯಲ್ಲಿ ದೊಡ್ಡ ಫೋನ್ ಹಿಡಿದು ಹೆಬ್ಬೆರಳನ್ನು ಚಾಚಿ ಚಾಚಿ ಟೈಪ್ ಮಾಡುವುದು ಅದನ್ನು ಕೆರಳಿಸುತ್ತದೆ. ಒಂದು ಕೈಯಲ್ಲಿ ಹಿಡಿದು ಇನ್ನೊಂದರ ತೋರುಬೆರಳಿನಿಂದ ಒತ್ತಿ. ಉದ್ದದ ಸಂದೇಶವನ್ನು ಮಾತಾಡಿ ಟೈಪ್ ಮಾಡಿಸಿ, ಕನ್ನಡದಲ್ಲೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಎರಡು ವಾರದಲ್ಲಿ ಇಳಿಯದಿದ್ದರೆ ಡಾಕ್ಟರನ್ನು ನೋಡಿ.

ಮೊಣಕೈ ಮಡಚಿ ತುಂಬ ಹೊತ್ತು ಫೋನು ಕಿವಿಗೆ ಹಿಡಿದಾಗ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತವೆ. ಮೊಣಕೈಯ ಒಳಬದಿಯಲ್ಲಿ ಹಾದುಹೋಗುವ ನರ ಎಳೆದುಕೊಂಡು ಒತ್ತಡಕ್ಕೆ ಸಿಕ್ಕುವುದೇ ಕಾರಣ. ಕೈ ಚಾಚಿ, ಮಾತಿನ ಮಧ್ಯೆ ಕೈ ಬದಲಿಸಿ. ಭುಜ ಮತ್ತು ಕಿವಿಯ ನಡುವೆ ಫೋನು ಸಿಕ್ಕಿಸಿಕೊಳ್ಳಲೇಬೇಡಿ.

ಕಿವಿಯ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ಯಾಕೆಂದರೆ ಹೋದ ಕಿವಿ ತಿರುಗಿ ಬರುವುದಿಲ್ಲ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬಲ್ ಏರಿದಂತೆ ಸದ್ದಿನ ಶಕ್ತಿ ಎರಡು ಪಟ್ಟಾಗುತ್ತದೆ, ಸಮಯ ಅರ್ಧಕ್ಕೆ ಇಳಿಯುತ್ತದೆ. 90 ಡೆಸಿಬಲ್‌ಗೆ ಬಂದರೆ ವಾರಕ್ಕೆ 4 ಗಂಟೆ ಮಾತ್ರ. ಬಸ್ಸಿನ ಗದ್ದಲ ಮುಚ್ಚಲು ವಾಲ್ಯೂಮ್ ಏರಿಸುವುದೇ ಇಲ್ಲಿ ನಿಜವಾದ ಅಪಾಯ. ಹೊರಗಿನ ಸದ್ದು ತಡೆಯುವ, ಕಿವಿಗೆ ಸರಿಯಾಗಿ ಕೂರುವ ಇಯರ್‌ಫೋನ್ ಬಳಸಿ, ವಾಲ್ಯೂಮ್ ಶೇಕಡಾ 60ರ ಒಳಗಿಡಿ. ತೆಗೆದ ಮೇಲೆ ಕಿವಿಯಲ್ಲಿ ಗುಂಯ್‌ಗುಟ್ಟಿದರೆ ಅದು ಮಿತಿ ಮೀರಿದ ಗುರುತು.

ಹೆಜ್ಜೆ 8: ರಾತ್ರಿ ಫೋನು ಬೇರೆ ಕೋಣೆಯಲ್ಲಿ ಮಲಗಲಿ

ಪರದೆಯ ಬಣ್ಣವನ್ನು ಹಳದಿಗೆ ತಿರುಗಿಸುವ ನೈಟ್ ಮೋಡ್ ಹಾಕಿಕೊಳ್ಳಿ, ಆದರೆ ಅದನ್ನೇ ನಂಬಬೇಡಿ. ಬೆಳಕು ನಿದ್ದೆಯನ್ನು ಮುಂದೂಡುವುದು ನಿಜ. ಅದಕ್ಕಿಂತ ಹೆಚ್ಚಾಗಿ ನಮ್ಮನ್ನು ಎಚ್ಚರವಾಗಿಡುವುದು ಓದಿದ ಜಗಳ, ಅರ್ಧ ಬರೆದ ಉತ್ತರ, ಇನ್ನೊಂದೇ ಒಂದು ವಿಡಿಯೋ. ಇದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಪರಿಹಾರವಿಲ್ಲ, ದೂರದಲ್ಲಿ ಇದೆ. ಚಾರ್ಜರನ್ನು ಮಲಗುವ ಕೋಣೆಯಿಂದ ಹೊರಗೆ ಹಾಕಿ. ಬೆಳಗಿನ ಅಲಾರಂಗೆ ಸಾಮಾನ್ಯ ಗಡಿಯಾರ ಇಟ್ಟುಕೊಳ್ಳಿ.

‘ರಾತ್ರಿ ಮನೆಯವರಿಂದ ತುರ್ತು ಕರೆ ಬಂದರೆ?’ ಎಂಬ ಭಯದಿಂದಲೇ ಬಹಳ ಜನ ಫೋನನ್ನು ತಲೆಯ ಪಕ್ಕ ಇಟ್ಟುಕೊಳ್ಳುತ್ತಾರೆ. ನಾನೂ ಹಾಗೇ ಇಟ್ಟುಕೊಂಡಿದ್ದೆ, ಅಮ್ಮನಿಗೆ ಹುಷಾರಿಲ್ಲದ ದಿನಗಳಲ್ಲಿ. ಇದಕ್ಕೆ ಒಳ್ಳೆಯ ದಾರಿಯಿದೆ. ಡು ನಾಟ್ ಡಿಸ್ಟರ್ಬ್ ತೆರೆದು, ಮಲಗುವ ಹೊತ್ತಿಗೆ ತಾನಾಗಿ ಆನ್ ಆಗುವಂತೆ ಸಮಯ ಹಾಕಿ. ಅದರೊಳಗೆ ಯಾರ ಕರೆ ಬಂದರೆ ಸದ್ದಾಗಬೇಕೋ ಅವರ ಪಟ್ಟಿಗೆ ಮನೆಯವರ ನಂಬರುಗಳನ್ನು ಸೇರಿಸಿ. ರಿಪೀಟ್ ಕಾಲರ್ಸ್ ಎಂಬುದನ್ನೂ ಆನ್ ಮಾಡಿ. ಒಂದೇ ನಂಬರಿನಿಂದ ಐಫೋನ್‌ನಲ್ಲಿ 3 ನಿಮಿಷದೊಳಗೆ, ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ ಎರಡನೇ ಸಲ ಕರೆ ಬಂದರೆ ಫೋನು ಸದ್ದು ಮಾಡುತ್ತದೆ. ರಿಂಗ್ ವಾಲ್ಯೂಮ್ ಪೂರ್ತಿ ಏರಿಸಿ, ಫೋನನ್ನು ಹೊರಗಿನ ಕೋಣೆಯಲ್ಲಿಟ್ಟು ಬಾಗಿಲು ಸ್ವಲ್ಪ ತೆರೆದಿಡಿ.

ಇವತ್ತು ಮಲಗುವ ಮೊದಲೇ ಇದನ್ನು ಪರೀಕ್ಷಿಸಿ. ಮನೆಯವರೊಬ್ಬರಿಗೆ ಅವರ ಫೋನಿನಿಂದ ಕರೆ ಮಾಡಲು ಹೇಳಿ, ನೀವು ಹಾಸಿಗೆಯಲ್ಲಿ ಮಲಗಿಕೊಂಡೇ ಕೇಳಿಸುತ್ತದಾ ನೋಡಿ.